ಮೊದಲ ಇನ್ನಿಂಗ್ಸಿನ ರಾಹು

ಬೇಸ್‌ಬಾಲ್ ಬಗ್ಗೆ ಸೋಮಶೇಖರನಿಗೆ ಖಚಿತವಾಗಿ ತಿಳಿದಿದ್ದ ಸಂಗತಿ ಒಂದೇ: ಅದು ಕ್ರಿಕೆಟ್ ಅಲ್ಲ. ಇಷ್ಟೇ ಬಂಡವಾಳ ಇಟ್ಟುಕೊಂಡು ಅವನು ನೆದರ್‌ಲ್ಯಾಂಡ್ಸಿನ ಆಲ್ಮೆರೆ ಊರಿನ ಒಂದು ಇಡೀ ಕ್ಲಬ್ಬಿಗೆ ಭವಿಷ್ಯ ಹೇಳುವವನಾಗಿಬಿಟ್ಟ. ಅದು ಹೇಗಾಯಿತೆಂದು ಯಾರಾದರೂ ಕೇಳಿದರೆ ಅವನ ಹೆಂಡತಿ ನಾಗಮಣಿ, "ಇವರ ಬಾಯಿಗೆ ಇನ್ನೊಂದು ಹೆಸರೇ ಆಪತ್ತು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಆದರೆ ಅವಳು ಹೆಂಡತಿ, ಚುಟುಕಾಗಿ ಹೇಳುವ ಹಕ್ಕು ಅವಳಿಗಿದೆ. ನಾವು ಸಾವಕಾಶವಾಗಿ ಹೇಳೋಣ.

ಸೋಮಶೇಖರನಿಗೆ ಆಮ್‌ಸ್ಟರ್‌ಡ್ಯಾಮಿನ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ವಾರವಿಡೀ ರೈಲಿನಲ್ಲಿ ಹೋಗಿ ತಪ್ಪು ಹುಡುಕಿ ಬರುತ್ತಿದ್ದ, ಶನಿವಾರ ಮಾತ್ರ ತಾನೇ ತಪ್ಪು ಮಾಡಲು ಬಿಡುವಾಗುತ್ತಿತ್ತು. ಮಗಳು ಶ್ರಾವ್ಯಳಿಗೆ ಹನ್ನೆರಡು ವರ್ಷ. ಅವಳನ್ನು ಭರತನಾಟ್ಯಕ್ಕೆ ಸೇರಿಸಬೇಕೆಂದು ನಾಗಮಣಿ ಮೈಸೂರಿನಿಂದ ಗೆಜ್ಜೆ ತರಿಸಿಟ್ಟಿದ್ದಳು. ಮಗಳು ಶಾಲೆಯ ಗೆಳತಿಯ ಜೊತೆ ಹೋಗಿ ಹಾಂಕ್‌ಬಾಲ್‌ಗೆ, ಅಂದರೆ ಡಚ್ಚರು ಬೇಸ್‌ಬಾಲ್ ಎನ್ನುವುದಕ್ಕೆ, ಹೆಸರು ಕೊಟ್ಟು ಬಂದಳು.

ಶ್ರಾವ್ಯಳಿಗೆ ಬೇಕಿದ್ದದ್ದು ಪಿಚರ್ ಆಗುವುದು, ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡೆಸೆಯುವುದು. ಕೋಚ್ ಯೋಸ್ಟ್ ಅವಳನ್ನು ನಿಲ್ಲಿಸುತ್ತಿದ್ದದ್ದು ಬಲಗಡೆಯ ತುತ್ತತುದಿಯಲ್ಲಿ. ಅಲ್ಲಿಗೆ ಚೆಂಡು ಬರುವುದಕ್ಕಿಂತ ಬಾತುಕೋಳಿ ಬರುವುದೇ ಹೆಚ್ಚು. ಪಿಚರ್ ಜಾಗ ಸೆಮ್ ಎಂಬ ಉದ್ದ ಕೈಯ ಹುಡುಗನದು. ಶ್ರಾವ್ಯ ದಿನಾ ಸಂಜೆ ಮನೆ ಹಿಂದಿನ ಸೈಕಲ್ ಶೆಡ್ಡಿನ ಗೋಡೆಗೆ ಚೆಂಡೆಸೆದು ಎಸೆದು, ಪಕ್ಕದ ಮನೆಯ ನಾಯಿಗೆ ನೆಮ್ಮದಿ ಇಲ್ಲದಂತೆ ಮಾಡಿದ್ದಳು. ಕೇಳಿದರೆ, "ಒಂದಿನ ಕೊಡ್ತಾರೆ ಅಪ್ಪ" ಎನ್ನುತ್ತಿದ್ದಳು.

ಬೇಸಿಗೆ ರಜೆ ಮುಗಿದು ಸೆಪ್ಟೆಂಬರಿನಲ್ಲಿ ಪಂದ್ಯಗಳು ಮತ್ತೆ ಶುರುವಾದವು. ಮೊದಲ ಶನಿವಾರ ಸೋಮಶೇಖರ ಕ್ಲಬ್ಬಿನ ಕ್ಯಾಂಟೀನಿನಲ್ಲಿ ನಿಂತು ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದ. ಕಾರಣ ಆಟವಲ್ಲ. ಹೊಸ ವಾಷಿಂಗ್ ಮೆಷಿನ್ನಿಗೆ ಆರ್ಡರ್ ಹಾಕಬೇಕಿತ್ತು, ರಿಯಾಯಿತಿ ಮುಗಿಯುತ್ತ ಬಂದಿತ್ತು, ಆದರೆ ನಾಗಮಣಿಯ ಅಪ್ಪಣೆ ಕಟ್ಟುನಿಟ್ಟಾಗಿತ್ತು: "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಆ ಬಟನ್ ಮುಟ್ಟಿದ್ರೆ ನೋಡಿ." ಅಡುಗೆಮನೆಯಲ್ಲಿ ತೂಗುಹಾಕಿದ್ದ ಬೆಂಗಳೂರಿನ ಕ್ಯಾಲೆಂಡರಿನಲ್ಲಿ ಹಾಗೆಂದು ಅಚ್ಚಾಗಿತ್ತು.

ಆ ಕ್ಯಾಂಟೀನಿನಲ್ಲಿ ಒಂದು ಪದ್ಧತಿಯಿತ್ತು. ಎರಡೂ ತಂಡಗಳು ಒಂದೊಂದು ಸರದಿ ಬ್ಯಾಟ್ ಮಾಡಿದರೆ ಒಂದು ಇನ್ನಿಂಗ್ಸ್, ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಆ ಮೊದಲ ಇನ್ನಿಂಗ್ಸಿನಲ್ಲಿ ಎರಡೂ ಕಡೆ ಸೇರಿ ಎಷ್ಟು ರನ್ ಬರುತ್ತದೆಂದು ಬಂದವರೆಲ್ಲ ಗೋಡೆಯ ಬಿಳಿ ಬೋರ್ಡಿನಲ್ಲಿ ಬರೆಯಬೇಕು. ಗೆದ್ದವರಿಗೆ ಕ್ಯಾಂಟೀನ್ ನೋಡಿಕೊಳ್ಳುವ ಮರೈಕೆ ಎಂಬಾಕೆ ಮಾಡಿದ ಆಪಲ್ ಟಾರ್ಟ್, ಮೇಲೆ ಒಂದು ಗುಡ್ಡೆ ಕೆನೆ. ಮಕ್ಕಳ ಆಟವಾದ್ದರಿಂದ ಎಲ್ಲರೂ ಐದು, ಆರು, ಎಂಟು ಎಂದು ಬರೆದಿದ್ದರು. ಮರೈಕೆ ಪೆನ್ನು ಹಿಡಿದು ಸೋಮಶೇಖರನ ಮುಂದೆ ನಿಂತಳು. ಅವನ ಮನಸ್ಸಿನ ತುಂಬ ವಾಷಿಂಗ್ ಮೆಷಿನ್ನು. ರಾಹುಕಾಲದಲ್ಲಿ ಯಾವ ಕೆಲಸ ತಾನೇ ಕೈಗೂಡೀತು ಎಂದುಕೊಂಡು, "ಸೊನ್ನೆ" ಎಂದ. ಎಲ್ಲರೂ ನಕ್ಕರು.

ಆ ದಿನ ಮಂಜು ಕವಿದಿತ್ತು, ಮಕ್ಕಳ ಬೆರಳು ಮರಗಟ್ಟಿದ್ದವು. ಸೆಮ್ ಎಸೆದ ಚೆಂಡು ಎದುರಾಳಿಗಳಿಗೆ ಕಾಣಲಿಲ್ಲ, ಎದುರಾಳಿಗಳ ಚೆಂಡು ಇವರಿಗೆ ಕಾಣಲಿಲ್ಲ. ಮೊದಲ ಇನ್ನಿಂಗ್ಸ್ ಸೊನ್ನೆಗೆ ಸೊನ್ನೆ. ಕ್ಯಾಂಟೀನೆಲ್ಲ ಸೋಮಶೇಖರನ ಕಡೆ ತಿರುಗಿತು.

"ಇದು ನಿಮಗೆ ಹೇಗೆ ತಿಳಿಯಿತು?" ಎಂದು ಯೋಸ್ಟ್ ಕೇಳಿದ. ಡಚ್ಚರ ಇಂಗ್ಲಿಷು ಇಸ್ತ್ರಿ ಹಾಕಿದ ಅಂಗಿಯ ಹಾಗೆ, ಕನ್ನಡಕ್ಕೆ ತಂದರೂ ಮಡಿಕೆ ಬಿಡುವುದಿಲ್ಲ.

ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯ "ಸುಮ್ಮನೆ ಹೇಳಿದೆ" ಎಂದು ಟಾರ್ಟ್ ತಿನ್ನುತ್ತಿದ್ದ. ಸೋಮಶೇಖರ ಕೆನೆಗೆ ಚಮಚ ಹಾಕುತ್ತ, "ಅದೊಂದು ಕ್ಯಾಲ್ಕುಲೇಷನ್. ಸ್ವಲ್ಪ ಕಾಂಪ್ಲೆಕ್ಸು" ಎಂದುಬಿಟ್ಟ.

ಎರಡನೇ ಶನಿವಾರವೂ ಸೊನ್ನೆ ಎಂದ, ಸೊನ್ನೆಯೇ ಆಯಿತು. ಯೋಸ್ಟ್ ಅವನನ್ನು ಮೂಲೆಗೆ ಕರೆದುಕೊಂಡು ಹೋಗಿ, ಆ ಕ್ಯಾಲ್ಕುಲೇಷನ್ ಯಾವುದೆಂದು ಹೇಳಲೇಬೇಕೆಂದು ಪಟ್ಟು ಹಿಡಿದ. ಬೇರೆ ದಾರಿ ಕಾಣದೆ ಸೋಮಶೇಖರ ರಾಹುಕಾಲದ ವಿಷಯ ಬಿಚ್ಚಿದ. ದಿನಕ್ಕೊಮ್ಮೆ ಒಂದೂವರೆ ಗಂಟೆ, ಆಗ ಶುರು ಮಾಡಿದ್ದು ಯಾವುದೂ ಕೈಗೂಡುವುದಿಲ್ಲ, ಶನಿವಾರ ಹತ್ತೂವರೆಗೆ ಮುಗಿಯುತ್ತದೆ, ನಿಮ್ಮ ಆಟವೋ ಹತ್ತಕ್ಕೆ ಶುರು ಎಂದೆಲ್ಲ ವಿವರಿಸಿದ.

ಬೇರೆ ದೇಶದವನಾಗಿದ್ದರೆ ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಿದ್ದ. ಆದರೆ ಯೋಸ್ಟ್ ಡಚ್ಚ. ಅವನಿಗೆ ಅದು ವೇಳಾಪಟ್ಟಿಯಾಗಿ ಕಂಡಿತು, ವೇಳಾಪಟ್ಟಿ ಎಂದರೆ ಅವರಿಗೆಲ್ಲ ಎಲ್ಲಿಲ್ಲದ ಗೌರವ.

"ಈ ರಾಹು ತಡವಾಗಿ ಬರುವುದುಂಟೇ?"

"ಒಂದು ನಿಮಿಷವೂ ಇಲ್ಲ."

"ನಮ್ಮ ರೈಲಿಗಿಂತ ಉತ್ತಮ" ಎಂದು ಯೋಸ್ಟ್ ತಲೆದೂಗಿದ. ಮೂರನೇ ಶನಿವಾರ ಅವನು ತನ್ನ ಹುಡುಗರಿಗೆ, ಹತ್ತೂವರೆಯವರೆಗೆ ಯಾರೂ ಬ್ಯಾಟ್ ಬೀಸಬಾರದು, ಶಕ್ತಿ ವ್ಯರ್ಥ ಎಂದು ಕಟ್ಟಾಜ್ಞೆ ಮಾಡಿದ. ಮಕ್ಕಳು ಬ್ಯಾಟನ್ನು ಹೆಗಲ ಮೇಲಿಟ್ಟು ಕಂಬಗಳಂತೆ ನಿಂತರು. ಸೆಮ್ ಎದುರಾಳಿಗಳನ್ನು ಹೇಗೂ ರನ್ ಮಾಡಲು ಬಿಡುತ್ತಿರಲಿಲ್ಲ. ಹೀಗೆ ಇತ್ತ ಇವರು ಹೊಡೆಯದೆ, ಅತ್ತ ಅವರಿಗೆ ಹೊಡೆಯಲಾಗದೆ ಸೊನ್ನೆ ಬಂತು, ಯಶಸ್ಸು ರಾಹುವಿನ ಖಾತೆಗೆ ಹೋಯಿತು. ಅಂಪೈರ್ ಮಾತ್ರ, ದಪ್ಪ ಮೀಸೆಯ ನಿವೃತ್ತ ಮೇಷ್ಟ್ರು, "ಈ ಮಕ್ಕಳಿಗೆ ಹುಷಾರಿಲ್ಲವೇ?" ಎಂದು ಪ್ರತಿಯೊಬ್ಬ ಹುಡುಗನ ಮುಖವನ್ನೂ ಇಣುಕಿ ನೋಡಿದರು. ಹತ್ತೂವರೆ ಹೊಡೆದದ್ದೇ ತಡ, ಕಟ್ಟಿ ಹಾಕಿದ್ದ ಮಕ್ಕಳು ಸಿಕ್ಕಿದ್ದನ್ನೆಲ್ಲ ಚಚ್ಚಿ ಪಂದ್ಯ ಗೆದ್ದರು.

ಕೀರ್ತಿ ಊರೆಲ್ಲ ಹರಡಿತು. ಪಕ್ಕದ ಬೀದಿಯ ಹುಬ್ಬಳ್ಳಿಯ ಹರಿಪ್ರಸಾದ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದ. ಅವನು ಮನೆಗೇ ಬಂದ.

"ಸೋಮಣ್ಣಾರ, ಗುರುವಾರ ನಂದು ಟೆಸ್ಟ್ ಐತ್ರಿ. ಯಾವ ಹೊತ್ತಿಗೆ ಹೋಗ್ಲಿ, ಹೇಳಿಬಿಡ್ರಿ."

"ಅದಕ್ಕೆ ಪ್ರಾಕ್ಟೀಸ್ ಮಾಡ್ಬೇಕಪ್ಪಾ."

"ಪ್ರಾಕ್ಟೀಸ್ ಮಾಡೇ ಎರಡು ಸಲ ಫೇಲಾಗೇನ್ರಿ. ಈ ಸಲ ನಿಮ್ಮ ರಾಹುನ್ನ ನಂಬ್ಕೊಂಡೇನಿ."

ಸೋಮಶೇಖರ ಗಂಭೀರವಾಗಿ ಕ್ಯಾಲೆಂಡರ್ ನೋಡಿ ಮಧ್ಯಾಹ್ನ ಮೂರೂವರೆ ಎಂದ. ಹರಿಪ್ರಸಾದ ಪಾಸಾದ. ಅವನ ಹೆಂಡತಿ ಮೈಥಿಲಿ ಒಂದು ಡಬ್ಬಿ ಗೋದಿ ಹುಗ್ಗಿ ಕಳಿಸಿದಳು. ಕ್ಲಬ್ಬಿನಲ್ಲಿ ಅಪರಿಚಿತರೂ ಸೋಮಶೇಖರನಿಗೆ ಟೊಪ್ಪಿ ಎತ್ತತೊಡಗಿದರು. ಶ್ರಾವ್ಯ ಒಬ್ಬಳೇ ಕಾರಿನಲ್ಲಿ ಹಿಂದೆ ಕೂತು, "ಅಪ್ಪಾ, ಡೂ ನೊರ್ಮಾಲ್!" ಎಂದು ಗೊಣಗುತ್ತಿದ್ದಳು. ಸುಮ್ಮನೆ ಎಲ್ಲರ ಹಾಗಿರು ಎಂದು ಅರ್ಥ, ಡಚ್ ಮಕ್ಕಳು ಹೆತ್ತವರಿಗೆ ಕೊಡುವ ಬುದ್ಧಿವಾದ ಇದೊಂದೇ. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ನಾಲ್ಕನೇ ಶನಿವಾರಕ್ಕೆ ಮೊದಲು ಯೋಸ್ಟ್ ಫೋನ್ ಮಾಡಿದ. ಅವನ ದನಿಯಲ್ಲಿ ಹೊಸದೊಂದು ಸತ್ಯ ಕಂಡುಹಿಡಿದವನ ಹುರುಪಿತ್ತು. "ಮೊದಲ ಇನ್ನಿಂಗ್ಸಿನಲ್ಲಿ ಹೇಗೂ ರನ್ ಬರುವುದಿಲ್ಲ. ಹಾಗಿದ್ದ ಮೇಲೆ ನಾನು ನನ್ನ ಅತ್ಯುತ್ತಮ ಪಿಚರನ್ನು ಆಗಲೇ ಏಕೆ ಖರ್ಚು ಮಾಡಬೇಕು? ಮಕ್ಕಳ ಭುಜಕ್ಕೆ ಎಸೆತದ ಮಿತಿ ಇದೆ. ಸೆಮ್‌ನನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ರಾಹುಕಾಲದಲ್ಲಿ ಯಾರು ಎಸೆದರೂ ನಡೆಯುತ್ತದೆ. ನಿಮ್ಮ ಮಗಳು ಎಸೆಯಲಿ."

ಸೋಮಶೇಖರನಿಗೆ ಅವಮಾನವಾಯಿತೋ ಸಂತೋಷವಾಯಿತೋ ತಿಳಿಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಶ್ರಾವ್ಯ ಕಿರುಚಿ ಕುಣಿದಳು. ಫೋನಿನಲ್ಲಿ ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ ಎಂದು ಅವನು ಅಂದುಕೊಂಡ. ಆ ವಾರವೆಲ್ಲ ಮನೆಯಲ್ಲಿ ಹಬ್ಬ. ಅವಳು ಅಜ್ಜನಿಗೆ ಫೋನ್ ಮಾಡಿದಳು, ಬಟ್ಟೆ ತಾನೇ ಒಗೆದುಕೊಂಡಳು, ಶೆಡ್ಡಿನ ಗೋಡೆಯ ಬಣ್ಣ ಪೂರ್ತಿ ಉದುರಿಸಿದಳು. ಅವಳ ಮುಖ ನೋಡಿ ಸೋಮಶೇಖರನಿಗೆ ತಾನು ಬಾಯಿಬಿಟ್ಟದ್ದರಿಂದ ಒಂದಾದರೂ ಒಳ್ಳೆಯದಾಯಿತು ಎನ್ನಿಸಿತು.

ಶುಕ್ರವಾರ ಮಾವ ಗೋವಿಂದರಾಜು ಮೈಸೂರಿನಿಂದ ಬಂದಿಳಿದರು. ನಿವೃತ್ತ ತಹಶೀಲ್ದಾರರು. ಎಲ್ಲಿ ಹೋದರೂ ಕ್ರಮಬದ್ಧವಲ್ಲದ್ದು ಮೊದಲು ಕಣ್ಣಿಗೆ ಬೀಳುವ ಜೀವ. ಕೋಟು ಬಿಚ್ಚುವ ಮೊದಲೇ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತರು. ಊಟಕ್ಕೆ ಕೂತಾಗ ನಾಗಮಣಿ ಗಂಡನ ಕೀರ್ತಿಯನ್ನು ಅರ್ಧ ಹೆಮ್ಮೆಯಿಂದ, ಅರ್ಧ ಗೇಲಿಯಿಂದ ಬಣ್ಣಿಸಿದಳು. ಗೋವಿಂದರಾಜು ತುತ್ತನ್ನು ಅರ್ಧಕ್ಕೇ ನಿಲ್ಲಿಸಿದರು.

"ಅಳಿಯಂದ್ರೇ, ಇಲ್ಲಿ ಸೂರ್ಯ ಎಷ್ಟೊತ್ತಿಗೆ ಹುಟ್ತಾನೆ?"

"ಈಗ ಏಳೂವರೆ ಆಗುತ್ತೆ ಮಾವ."

"ನಿಮ್ಮ ಕ್ಯಾಲೆಂಡರು ಆರು ಗಂಟೆಗೆ ಹುಟ್ಟೋ ಸೂರ್ಯಂದು. ರಾಹುಕಾಲ ಸೂರ್ಯೋದಯದಿಂದ ಲೆಕ್ಕ ಕಣ್ರೀ, ಗೋಡೆ ಗಡಿಯಾರದಿಂದ ಅಲ್ಲ. ಸೂರ್ಯ ಒಂದೂವರೆ ಗಂಟೆ ತಡ ಅಂದ್ರೆ ರಾಹುನೂ ಅಷ್ಟೇ ತಡ. ಶನಿವಾರ ಇಲ್ಲಿ ರಾಹುಕಾಲ ಶುರುವಾಗೋದೇ ಹತ್ತೂವರೆಗೆ!"

ಸೋಮಶೇಖರನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಅಂದರೆ ಮಕ್ಕಳು ರಾಹು ಹೋದನೆಂದು ಬ್ಯಾಟ್ ಬೀಸಿದ್ದು ರಾಹು ಬಂದ ಹೊತ್ತಿಗೆ. ಹರಿಪ್ರಸಾದ ಯಾವ ದೇವರ ದಯೆಯಿಂದ ಪಾಸಾದನೋ! ಅದು ಹಾಳಾಗಲಿ. ನಾಳೆ ಹತ್ತು ಗಂಟೆಗೆ ಶ್ರಾವ್ಯ ದಿಬ್ಬ ಹತ್ತುವಾಗ ಅವಳನ್ನು ಕಾಯಲು ರಾಹುವೂ ಇಲ್ಲ, ಸೆಮ್ಮೂ ಇಲ್ಲ.

"ಈಗ್ಲೇ ಕೋಚ್‌ಗೆ ಫೋನ್ ಮಾಡಿ ಹೇಳ್ಬಿಡಿ" ಎಂದಳು ನಾಗಮಣಿ, ಮಹಡಿಯ ಮೇಲಿದ್ದ ಮಗಳಿಗೆ ಕೇಳಿಸದಂತೆ.

"ಹೇಳಿದ್ರೆ ಅವಳನ್ನ ತೆಗೆದುಬಿಡ್ತಾನೆ ಕಣೇ."

"ಹೇಳ್ದೇ ಇದ್ರೆ ಊರವರ ಮುಂದೆಲ್ಲ ಹೊಡಿಸ್ಕೊಂಡು ಅಳ್ತಾ ಬರ್ತಾಳೆ. ಆಮೇಲೆ ಆ ಚೆಂಡೇ ಮುಟ್ಟಲ್ಲ ಅವ್ಳು. ನಿಮ್ಮ ಕ್ಯಾಲ್ಕುಲೇಷನ್ನು!"

ಎರಡೂ ಕಡೆ ಬೆಂಕಿ. ಸೋಮಶೇಖರ ಫೋನ್ ಕೈಗೆತ್ತಿಕೊಂಡು ಇಟ್ಟ, ಮತ್ತೆ ಎತ್ತಿಕೊಂಡು ಇಟ್ಟ. ಮಲಗುವ ಮುಂಚೆ ಮಗಳ ಕೋಣೆಯ ಬಾಗಿಲಿಗೆ ಹೋಗಿ, "ಪುಟ್ಟಿ, ನಾಳೆ ಏನಾದ್ರೂ..." ಎಂದು ಶುರು ಮಾಡಿದ. ಅವಳು ಗ್ಲೌಸಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತಿ ನಕ್ಕದ್ದನ್ನು ನೋಡಿ ಅವನು "ಬೇಗ ಮಲ್ಕೋ" ಎಂದು ಬಂದುಬಿಟ್ಟ.

ಶನಿವಾರ ಕ್ಲಬ್ಬಿನಲ್ಲಿ ಜಾತ್ರೆಯಷ್ಟು ಜನ. ಹರಿಪ್ರಸಾದ ಹೊಸ ಲೈಸೆನ್ಸಿನ ಹುಮ್ಮಸ್ಸಿನಲ್ಲಿ ತಾನೇ ಕಾರು ಓಡಿಸಿಕೊಂಡು ಬಂದಿದ್ದ, ಮೈಥಿಲಿ ದೊಡ್ಡ ಚೀಲದಲ್ಲಿ ಮಂಡಕ್ಕಿ ತಂದು ಡಚ್ಚರಿಗೆಲ್ಲ ಹಂಚುತ್ತಿದ್ದಳು. ಬಿಳಿ ಬೋರ್ಡಿನಲ್ಲಿ ಮೇಲಿಂದ ಕೆಳಗಿನವರೆಗೆ ಸೊನ್ನೆ, ಸೊನ್ನೆ, ಸೊನ್ನೆ. ಎಲ್ಲರೂ ಗೆಲ್ಲುತ್ತಾರೆಂದು ಮರೈಕೆ ಐದು ಟಾರ್ಟ್ ಮಾಡಿಕೊಂಡು ಬಂದಿದ್ದಳು. ಕೊನೆಯಲ್ಲಿ ಪೆನ್ನನ್ನು ಸೋಮಶೇಖರನ ಕೈಗೆ ಕೊಟ್ಟಳು.

ಅವನು ಬೋರ್ಡಿನ ಪಕ್ಕದ ಕಿಟಕಿಯಿಂದ ಹೊರಗೆ ನೋಡಿದ. ದಿಬ್ಬದ ಮೇಲೆ ಶ್ರಾವ್ಯ ಕೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಅವಳೆಸೆದ ಒಂದು ಚೆಂಡು ಅದನ್ನು ಹಿಡಿಯಬೇಕಾದವನ ತಲೆಯ ಮೇಲೆ ಹಾರಿ ಬೇಲಿಗೆ ಬಡಿಯಿತು. ಅವಳು ಗಾಬರಿಯಾಗಿ ಸುತ್ತ ನೋಡಿದಳು. ತನ್ನ ಜಂಭವೆಲ್ಲ ಆ ಪುಟ್ಟ ಭುಜದ ಮೇಲೆ ಕೂತಿರುವುದು ಸೋಮಶೇಖರನಿಗೆ ಕಂಡಿತು. ಅವನಿಗೆ ನಾಚಿಕೆಯಾಯಿತು. ಇನ್ನೊಂದು ಸೊನ್ನೆ ಬರೆಯಲು ಕೈ ಬರಲಿಲ್ಲ.

"ಮರೈಕೆ, ಕ್ಷಮಿಸಿ. ನನಗೆ ಈ ಆಟ ಗೊತ್ತಿಲ್ಲ. ರಾಹುಕಾಲದ ಲೆಕ್ಕವೂ ತಪ್ಪು. ಅದು ಬೆಂಗಳೂರಿನ ಸಮಯ."

ಮೆಲ್ಲಗೇ ಹೇಳಿದ್ದ. ಆದರೆ ಗೋವಿಂದರಾಜು ಪಕ್ಕದಲ್ಲೇ ಇದ್ದರು. ಕಚೇರಿಯ ದನಿಯಲ್ಲಿ, "ಯೆಸ್! ರಾಂಗ್ ರಾಹು! ಕರೆಕ್ಟ್ ರಾಹು ಟೆನ್ ಥರ್ಟಿ!" ಎಂದು ಇಡೀ ಕ್ಯಾಂಟೀನಿಗೆ ಸಾರಿದರು.

ಮುಂದಿನದನ್ನು ಪ್ರಳಯ ಎನ್ನದೆ ವಿಧಿಯಿಲ್ಲ. ಎಲ್ಲರೂ ಒಟ್ಟಿಗೆ ಬೋರ್ಡಿಗೆ ಮುಗಿಬಿದ್ದು ತಮ್ಮ ಸೊನ್ನೆ ಅಳಿಸಲು ನೋಡಿದರು. ಮರೈಕೆ ಬೋರ್ಡಿಗೆ ಅಡ್ಡ ನಿಂತು, ಬರೆದದ್ದು ಬರೆದದ್ದೇ ಎಂದಳು. "ಹಂಗಾರ ನಾ ಪಾಸಾಗಿದ್ದು ಹೆಂಗ್ರಿ? ಲೈಸೆನ್ಸ್ ವಾಪಸ್ ಕೊಡಬೇಕೇನು?" ಎಂದು ಹರಿಪ್ರಸಾದ ಕಂಗಾಲಾದ. ಯಾರೋ ಕಿಟಕಿಯಿಂದ ಮೈದಾನದ ಕಡೆಗೆ ಕೂಗಿ ಹೇಳಿದರು. ಯೋಸ್ಟ್‌ನ ಮುಖ ಸುಣ್ಣದಂತಾಯಿತು. "ಸೆಮ್! ಸೆಮ್!" ಎಂದು ಅರಚುತ್ತ ಅವನು ದಿಬ್ಬದ ಕಡೆಗೆ ಓಡಿದ. ಸೋಮಶೇಖರ ಅವನ ಹಿಂದೆ, ಗೋವಿಂದರಾಜು ಕೋಟು ಹಾಕಿಕೊಳ್ಳುತ್ತ ಅಳಿಯನ ಹಿಂದೆ.

ಅಷ್ಟರಲ್ಲಿ ಅಂಪೈರ್ ಆಟ ಶುರು ಎಂದು ಕೂಗಿಯಾಗಿತ್ತು, ಶ್ರಾವ್ಯ ಮೊದಲ ಚೆಂಡು ಎಸೆದಾಗಿತ್ತು. ಯೋಸ್ಟ್ ಏದುಸಿರು ಬಿಡುತ್ತ ಪಿಚರ್ ಬದಲಾಯಿಸಬೇಕೆಂದ.

"ಸಾಧ್ಯವಿಲ್ಲ" ಎಂದರು ಅಂಪೈರ್. "ಆಟ ಶುರು ಮಾಡಿದ ಪಿಚರ್ ಮೊದಲ ಬ್ಯಾಟರನ್ನು ಮುಗಿಸಲೇಬೇಕು. ನಿಯಮ."

"ಆದರೆ ರಾಹು..."

"ನಿಮ್ಮ ಹುಡುಗರು ಬ್ಯಾಟ್ ಹೊತ್ತು ನಿಲ್ಲುವುದನ್ನು ಕಳೆದ ವಾರ ನೋಡಿಯೇ ನನಗೆ ಸಾಕಾಗಿದೆ. ಆ ಹೆಸರಿನ ಆಟಗಾರ ನನ್ನ ಪಟ್ಟಿಯಲ್ಲಿಲ್ಲ. ಹೊರಗೆ ಹೋಗಿ."

ಯೋಸ್ಟ್ ಗೆರೆಯಾಚೆ ಬಂದು ನಿಂತ, ಪಕ್ಕದಲ್ಲಿ ಸೆಮ್ ಗ್ಲೌಸು ಹಾಕಿಕೊಂಡು ಸಿದ್ಧನಾದ. ಈ ಒಬ್ಬನೇ ಬ್ಯಾಟರ್, ಆಮೇಲೆ ಶ್ರಾವ್ಯ ಬಾತುಕೋಳಿಗಳ ಹತ್ತಿರಕ್ಕೆ ವಾಪಸ್. ಸೋಮಶೇಖರ ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಇಷ್ಟು ಶನಿವಾರ ಅವನು ನೋಡಿದ್ದು ಗಡಿಯಾರವನ್ನು. ಆಟವನ್ನು ನೋಡುತ್ತಿರುವುದು ಇದೇ ಮೊದಲು.

ಬ್ಯಾಟ್ ಹಿಡಿದವನು ಶ್ರಾವ್ಯಳಿಗಿಂತ ಒಂದು ಅಡಿ ಎತ್ತರ. ಅವಳು ಎಸೆದಳು, ಅವನು ಹೊಡೆದ. ಚೆಂಡು ನೆಲಕ್ಕೆ ಪುಟಿದು ನೇರ ಅವಳ ಕಡೆಗೇ ಬಂತು. ಸೋಮಶೇಖರ ಕಣ್ಣು ಮುಚ್ಚಿಕೊಂಡ. ತೆರೆದಾಗ ಚೆಂಡು ಅವಳ ಗ್ಲೌಸಿನಲ್ಲಿತ್ತು, ಮರುಗಳಿಗೆಗೆ, ಬ್ಯಾಟರ್ ಓಡಿ ತಲುಪುವ ಮೊದಲೇ, ಮೊದಲ ಬೇಸ್ ಕಾಯುವ ಹುಡುಗನ ಕೈಯಲ್ಲಿತ್ತು. ಅಂಪೈರ್ ಮುಷ್ಟಿ ಎತ್ತಿದರು. ಔಟ್.

"ಶಭಾಷ್, ಮೊಮ್ಮಗಳೇ!" ಎಂದು ಗೋವಿಂದರಾಜು ಕೂಗಿದರು. ಯೋಸ್ಟ್ ಸೆಮ್‌ನ ಭುಜದ ಮೇಲೆ ಕೈಯಿಟ್ಟು, "ಸ್ವಲ್ಪ ತಾಳು" ಎಂದ.

ಮುಂದಿನವನು ಜೋರಾಗಿ ಹೊಡೆದ. ಅದರ ಮುಂದಿನವನು ಇನ್ನೂ ಜೋರಾಗಿ. ಒಂದು ರನ್ ಬಂತು, ಇನ್ನೊಂದು ಬಂತು. ಕ್ಯಾಂಟೀನಿನ ಸೊನ್ನೆಗಳೆಲ್ಲ ನೀರು ಪಾಲಾದವು. ಒಬ್ಬನ ಹೊಡೆತ ಗಾಳಿಯಲ್ಲೇ ಕ್ಯಾಚಾಯಿತು. ಕೊನೆಯವನು ಮೂರು ಸಲ ಗಾಳಿಗೆ ಬ್ಯಾಟ್ ಬೀಸಿ ಔಟಾಗಿ, ತಲೆ ತಗ್ಗಿಸಿ ಹೋದ. ಎರಡೇ ರನ್ನು! ರಾಹುವೂ ಇಲ್ಲದೆ, ಸೆಮ್ಮೂ ಇಲ್ಲದೆ ಎರಡೇ.

ಆಮೇಲೆ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ರಾಹು ಇನ್ನೂ ಬಂದಿಲ್ಲವೆಂದು ತಿಳಿದ ಹುಡುಗರು ಮೊದಲ ಚೆಂಡಿಗೇ ಬ್ಯಾಟ್ ಬೀಸಿದರು. ಚೆಂಡು ನಾಲ್ಕು ದಿಕ್ಕಿಗೂ ಹಾರಿತು. ಅಪ್ಪ ಅಮ್ಮಂದಿರು ಕಾಫಿ ಚೆಲ್ಲಿಕೊಂಡು ಕುಣಿದರು. ಸೆಮ್‌ನ ತಾಯಿ ಬಂದು ಸೋಮಶೇಖರನ ಕೈ ಕುಲುಕಿ, "ಕೊನೆಗೂ ಸುಳ್ಳು ಹೇಳಿದ್ದು ಒಪ್ಪಿಕೊಂಡಿರಲ್ಲ, ತುಂಬ ಉಪಕಾರವಾಯಿತು. ನನ್ನ ಮಗ ರಾತ್ರಿಯೆಲ್ಲ ಬ್ಯಾಟ್ ಬೀಸಬಾರದು ಎಂದು ಕನವರಿಸುತ್ತಿದ್ದ" ಎಂದಳು. ಡಚ್ಚರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ. ಮರೈಕೆ, ಯಾರೂ ಗೆಲ್ಲಲಿಲ್ಲವಾದ್ದರಿಂದ ಎಲ್ಲರಿಗೂ ಟಾರ್ಟ್ ಎಂದು ಸಾರಿದಳು. ಸೋಮಶೇಖರನ ತಲೆಯ ಮೇಲಿಂದ ಯಾರೋ ಅಕ್ಕಿ ಮೂಟೆ ಇಳಿಸಿದಂತಾಯಿತು. ಇನ್ನು ಮೇಲೆ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಇಂಥ ಸುಖ ಅವನಿಗೆ ಪ್ರಮೋಷನ್ ಸಿಕ್ಕಿದಾಗಲೂ ಆಗಿರಲಿಲ್ಲ.

ಹತ್ತೂವರೆಯಾಯಿತು. ಗೋವಿಂದರಾಜು ಗಂಟಲು ಸರಿಮಾಡಿಕೊಂಡು, ಅಸಲಿ ರಾಹುಕಾಲ ಈಗ ಶುರು ಎಂದು ಪ್ರಕಟಿಸಲು ಎದ್ದರು. ಅಳಿಯ ಅವರ ಕೋಟಿನ ತುದಿ ಹಿಡಿದು ಎಳೆದು ಕೂರಿಸಿದ.

"ಮಾವ, ನಿಮ್ಮ ದಮ್ಮಯ್ಯ. ಟಾರ್ಟ್ ತಿನ್ನಿ."

"ಹಿರಿಯರು ಏನನ್ನುತ್ತಿದ್ದಾರೆ?" ಎಂದು ಯೋಸ್ಟ್ ಆತಂಕದಿಂದ ಕೇಳಿದ.

"ಕೆನೆ ಚೆನ್ನಾಗಿದೆ ಅನ್ನುತ್ತಿದ್ದಾರೆ" ಎಂದ ಸೋಮಶೇಖರ.

ಶ್ರಾವ್ಯ ನೀರು ಕುಡಿಯಲು ಬೇಲಿಯ ಹತ್ತಿರ ಬಂದಳು. ಮುಖವೆಲ್ಲ ಮಣ್ಣು, ಬೆವರು. ಸೋಮಶೇಖರ ತಗ್ಗಿದ ದನಿಯಲ್ಲಿ ಹೇಳಿದ: "ಪುಟ್ಟಿ, ಒಂದ್ ವಿಷ್ಯ ಹೇಳ್ಬೇಕು. ಕೋಚ್ ನಿನ್ನನ್ನ ಯಾಕೆ ಆರಿಸಿದ್ದು ಅಂದ್ರೆ..."

"ರಾಹುಕಾಲದಲ್ಲಿ ಯಾರು ಹಾಕಿದ್ರೂ ಓಕೆ ಅಂತ. ಗೊತ್ತಪ್ಪ. ಅವತ್ತು ಫೋನ್ ಸ್ಪೀಕರ್ ಮೇಲಿತ್ತು."

ಸೋಮಶೇಖರ ಬೆಪ್ಪಾದ. "ಗೊತ್ತಿದ್ದೂ ಅಷ್ಟು ಕುಣಿದ್ಯಾ?"

"ಯಾವ್ ರೀಸನ್ ಆದ್ರೇನಪ್ಪ? ಬಾಲ್ ನನ್ ಕೈಗೆ ಬಂತಲ್ಲ."

ಅಷ್ಟರಲ್ಲಿ ಯೋಸ್ಟ್ ದೂರದಿಂದ, ಎರಡನೇ ಇನ್ನಿಂಗ್ಸನ್ನೂ ನೀನೇ ಹಾಕುತ್ತೀಯಾ ಎಂದು ಅವಳನ್ನು ಕೂಗಿ ಕೇಳಿದ. ಸೆಮ್ ಆಗಲೇ ಗ್ಲೌಸು ಕಳಚಿ ಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಶ್ರಾವ್ಯ ನೀರಿನ ಬಾಟಲಿಯನ್ನು ಬೇಲಿಯ ಮೇಲಿಂದ ಅಪ್ಪನ ಕೈಗೆ ತುರುಕಿದಳು.

"ಹಿಡ್ಕೋ ಅಪ್ಪ. ಮೊದಲ್ನೇದು ರಾಹು ಕೊಡ್ಸಿದ್ದು. ಇದು ನಂದು" ಎಂದು ಹೇಳಿ ದಿಬ್ಬದ ಕಡೆಗೆ ಓಡಿದಳು.